ಇನ್ನೂ ಇದ್ದಾರೆಯೆ?

ಒಬ್ಬರ ವಿಷಯವಾಗಿ ಮಾತನಾಡುತ್ತಿರುವಾಗ ಅವರೇ ಬಾಗಿಲಲ್ಲಿ ಕಾಣಿಸಿಕೊಂಡರೆ, “ನಿಮಗೆ ನೂರು ವರ್ಷ ಆಯುಸ್ಸು” ಎನ್ನುತ್ತೇವೆ. ಯಾರಾದರೂ ತೀರಿಕೊಂಡರೆಂಬ ಸುಳ್ಳು ಸುದ್ದಿ ಹಬ್ಬಿದರೆ, ಅದರಿಂದ ಅವರ ಆಯುಸ್ಸು ಹೆಚ್ಚಿತೆಂದು ಸಮಾಧಾನ ಹೇಳುವ ವಾಡಿಕೆಯೂ ನಮ್ಮಲ್ಲುಂಟು. ಆದರೆ ಒಬ್ಬರು ನಿಜವಾಗಿಯೂ ನೂರು ವರ್ಷ ಬದುಕಿಬಿಟ್ಟರೆ ನಮ್ಮ ಬಾಯಿಂದ ಹೊರಡುವ ಮಾತೇ ಬೇರೆ: “ಇನ್ನೂ ಇದ್ದಾರೆಯೆ?” ಹಾರೈಸುವಾಗ ಇಲ್ಲದ ಅಚ್ಚರಿ ಹಾರೈಕೆ ಫಲಿಸಿದಾಗ ಏಕೆ ಬರಬೇಕು?

ಹಾಲಿವುಡ್ಡಿನ ಹಳೆಯ ತಾರೆ ಒಲಿವಿಯಾ ಡಿ ಹ್ಯಾವಿಲೆಂಡ್ 2020ರ ಜುಲೈ 26ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಆಗ ಅವರಿಗೆ 104 ವರ್ಷ. ಸಿನಿಮಾ ಪ್ರಿಯರಾದ ಗೆಳೆಯರೊಬ್ಬರು ಸುದ್ದಿ ಓದಿ, “ಹೋದದ್ದು ಆಶ್ಚರ್ಯವಲ್ಲ ಮಾರಾಯರೆ, ಇಷ್ಟು ದಿನ ಇದ್ದದ್ದು ಆಶ್ಚರ್ಯ” ಎಂದರು. ನಾನೂ ನಕ್ಕೆ. ನಗುವುದಕ್ಕೆ ಕಾರಣವೂ ಇತ್ತು. 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರದ ನಾಲ್ವರು ಮುಖ್ಯ ಪಾತ್ರಧಾರಿಗಳಲ್ಲಿ ಲೆಸ್ಲಿ ಹೊವರ್ಡ್ 1943ರಲ್ಲಿ, ಕ್ಲಾರ್ಕ್ ಗೇಬಲ್ 1960ರಲ್ಲಿ, ವಿವಿಯನ್ ಲೀ 1967ರಲ್ಲಿ ತೀರಿಹೋದರು. ಕಥೆಯಲ್ಲಿ ಈ ನಾಲ್ವರ ಪೈಕಿ ಸಾಯುವವಳು ಒಲಿವಿಯಾ ವಹಿಸಿದ ಮೆಲನಿಯೊಬ್ಬಳೇ. ತೆರೆಯ ಮೇಲೆ ಸತ್ತ ಆ ದುರ್ಬಲ ಹೆಣ್ಣು ಉಳಿದವರೆಲ್ಲ ಹೋದ ಮೇಲೂ 53 ವರ್ಷ ಬಾಳಿದಳು. ವಿಧಿಯೂ ಒಮ್ಮೊಮ್ಮೆ ಹಾಸ್ಯಪ್ರಿಯನಾಗಿರುತ್ತಾನೆ.

ಆದರೆ ನಕ್ಕ ಮೇಲೆ ನನಗೇಕೋ ಕಸಿವಿಸಿಯಾಯಿತು. ನಮ್ಮ ಪುರಾಣದ ಮಾರ್ಕಂಡೇಯನಿಗೆ ಎಂದೆಂದಿಗೂ ಹದಿನಾರಾಗಿಯೇ ಉಳಿಯುವ ವರ ಸಿಕ್ಕಿತು. ಚಲಚ್ಚಿತ್ರವೂ ಅಂಥದೇ ಒಂದು ವರವನ್ನು ಕೊಡುತ್ತದೆ. ಆದರೆ ಮನುಷ್ಯನಿಗಲ್ಲ, ನೆರಳಿಗೆ. ನೆರಳು ಮುಪ್ಪಾಗದೆ ಉಳಿಯಿತು; ನೆರಳಿನ ಒಡತಿ ದಿನಕ್ಕೊಂದು ದಿನದಂತೆ ಎಲ್ಲರ ಹಾಗೆ ಮುಪ್ಪಾದಳು. ನಾವು ನೆರಳನ್ನು ಇಟ್ಟುಕೊಂಡು ಒಡತಿಯನ್ನು ಮನಸ್ಸಿನಲ್ಲಿಯೇ ಎಂದೋ ಮಣ್ಣುಮಾಡಿದ್ದೆವು. ಆಕೆ ನಮ್ಮ ಅಪ್ಪಣೆಯಿಲ್ಲದೆ ಬದುಕಿದ್ದಳೆಂದು ತಿಳಿದಾಗ ಆದ ಮುಜುಗರವೇ ನಗುವಾಗಿ ಹೊರಬಂದಿತು. ‘ಇನ್ನೂ’ ಎಂಬ ಪದವನ್ನೇ ನೋಡಿ. ಹೊರಡದ ನೆಂಟನಿಗೆ, ನಿಲ್ಲದ ಮಳೆಗೆ, ತೀರದ ಸಾಲಕ್ಕೆ ನಾವು ಅದನ್ನು ಬಳಸುತ್ತೇವೆ. ಬದುಕಿರುವ ಮನುಷ್ಯನಿಗೆ ಅದು ಸಲ್ಲುವ ಮಾತೆ?

ಹಾಗಾದರೆ ಮುಪ್ಪಿನ ಬಗ್ಗೆ ನಗಲೇಬಾರದೆ? ಹಾಗೆಂದರೆ ಮುದುಕರೇ ಮೊದಲು ನಮ್ಮನ್ನು ಗದರಿಸಿಯಾರು. ಅಮೆರಿಕದ ಹಾಸ್ಯನಟ ಜಾರ್ಜ್ ಬರ್ನ್ಸ್ ಹುಟ್ಟಿದ್ದು 1896ರಲ್ಲಿ. ಎಂಬತ್ತನೆಯ ವಯಸ್ಸಿನಲ್ಲಿ ಆಸ್ಕರ್ ಪಡೆದು, 1977ರ ಚಿತ್ರವೊಂದರಲ್ಲಿ ದೇವರ ಪಾತ್ರವನ್ನೇ ವಹಿಸಿದ. ತನ್ನ ವಯಸ್ಸನ್ನೇ ಬಂಡವಾಳ ಮಾಡಿಕೊಂಡು ಜನರನ್ನು ನಗಿಸಿ, ನೂರು ತುಂಬಿಸಿಯೇ 1996ರಲ್ಲಿ ತೆರಳಿದ. ‘ಗಾಡ್‌ಫಾದರ್’ ಚಿತ್ರದ ನಟ ಏಬ್ ವಿಗೋಡನನ್ನು 1982ರಲ್ಲಿ ಪತ್ರಿಕೆಯೊಂದು ‘ದಿವಂಗತ’ ಎಂದು ಬರೆದುಬಿಟ್ಟಿತು. ಆತ ಜಗಳಕ್ಕೆ ಹೋಗಲಿಲ್ಲ. ಶವಪೆಟ್ಟಿಗೆಯಲ್ಲಿ ಎದ್ದು ಕುಳಿತು, ಅದೇ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡ. ಆಮೇಲೂ 2016ರ ವರೆಗೆ ಇದ್ದ. ಈ ಇಬ್ಬರ ನಗೆಯೂ ‘ನಾನಿದ್ದೇನೆ’ ಎಂದು ಸಾರುವ ನಗೆ. ನಮ್ಮ ನಗೆ ಹಾಗಲ್ಲ. ‘ನೀನಿರಬೇಕಾಗಿರಲಿಲ್ಲ’ ಎಂಬ ಸಣ್ಣದೊಂದು ಮುಳ್ಳು ಅದರಲ್ಲಿ ಅಡಗಿದೆ. ಹಾಸ್ಯ ಒಂದೇ ಆದರೂ ಯಾರ ಬಾಯಿಂದ ಬಂತೆಂಬುದರ ಮೇಲೆ ಅದರ ಧರ್ಮ ನಿಂತಿದೆ.

1998ರ ಜೂನ್‌ನಲ್ಲಿ ಸುದ್ದಿಸಂಸ್ಥೆಯೊಂದು ಮುಂಚಿತವಾಗಿ ಬರೆದಿಟ್ಟಿದ್ದ ಬಾಬ್ ಹೋಪನ ಮರಣವಾರ್ತೆ ಕೈತಪ್ಪಿ ಹೊರಬಿದ್ದಿತು. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಅದನ್ನು ಘೋಷಿಸಿಯೂ ಆಯಿತು. ಆ ಹಾಸ್ಯನಟನಾದರೋ ಮನೆಯಲ್ಲಿ ಜೀವಂತವಾಗಿದ್ದ! ಮತ್ತೆ ಐದು ವರ್ಷ ಬದುಕಿ, ನೂರು ದಾಟಿಯೇ ಹೋದ. ವಾರ್ತೆಯನ್ನು ಮೊದಲೇ ಬರೆದಿಡುವುದು ಪತ್ರಿಕಾವೃತ್ತಿಯ ಅಗತ್ಯ, ಅದನ್ನು ದೂರಲಾಗದು. ಆದರೆ ಆ ಅಗತ್ಯವಿಲ್ಲದ ನಾವೂ ಎಷ್ಟು ಜನರ ಮರಣವಾರ್ತೆಯನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿರುತ್ತೇವೆ!

ಹಾಗೆ ಬರೆದಿಟ್ಟವರ ಲೆಕ್ಕವನ್ನು ಒಲಿವಿಯಾ ತಪ್ಪಿಸಿದ ಬಗೆ ಸೊಗಸಾದುದು. 2017ರಲ್ಲಿ ಬಂದ ದೂರದರ್ಶನ ಧಾರಾವಾಹಿಯೊಂದರಲ್ಲಿ ತಮ್ಮ ಅನುಮತಿಯಿಲ್ಲದೆ ತಮ್ಮನ್ನು ಪಾತ್ರವಾಗಿಸಿದರೆಂದು ಆಕೆ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದು 101ನೆಯ ಹುಟ್ಟುಹಬ್ಬದ ಹಿಂದಿನ ದಿನ. ಮರುವರ್ಷ ಮೇಲಿನ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಕಲೆಯ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯೂ ಇದ್ದೀತು. ಆದರೆ 1944ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯ ಕರಾರಿನ ವಿರುದ್ಧ ಗೆದ್ದು ಎಲ್ಲ ನಟರ ಬಿಡುಗಡೆಗೂ ದಾರಿ ಮಾಡಿದ ತರುಣಿಯೂ ಈಕೆಯೇ. ಗೆದ್ದವಳೂ ಸೋತವಳೂ ಒಬ್ಬಳೇ ಮನುಷ್ಯಳು. ನೂರೊಂದರಲ್ಲಿಯೂ ಆಕೆಗೆ ಮಾನವಿತ್ತು, ಸಿಟ್ಟಿತ್ತು, ನಾಳೆಯ ಮೇಲೆ ನಂಬಿಕೆಯಿತ್ತು.

ತಾರೆಯರ ಮಾತು ಹಾಗಿರಲಿ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ, ಊಟದ ಪಂಕ್ತಿಯ ತುದಿಯಲ್ಲಿ, ನನ್ನ ಹೈಸ್ಕೂಲಿನ ಮೇಷ್ಟರನ್ನು ಕಂಡೆ. ನನಗೆ ಹಳಗನ್ನಡದ ರುಚಿ ಹತ್ತಿಸಿದವರು ಅವರೇ. ಅವರು ಎಂದೋ ಹೋದರೆಂದು ನಾನು ಭಾವಿಸಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ. ಹದಿನೈದು ವರ್ಷ ವಿಚಾರಿಸದೆ ಇದ್ದುದರಿಂದ ನನಗೆ ನಾನೇ ಹಾಗೆ ತೀರ್ಮಾನಿಸಿಕೊಂಡಿದ್ದೆ. ಕಾಲು ಮುಟ್ಟಿ ನಮಸ್ಕರಿಸಿದಾಗ ನನ್ನ ಮುಖದಲ್ಲಿದ್ದ ಪ್ರಶ್ನೆಯನ್ನು ಅವರು ಓದಿಕೊಂಡಿರಬೇಕು. “ಇನ್ನೂ ಇದ್ದೇನಪ್ಪ” ಎಂದು ನಕ್ಕರು. ಆ ‘ಇನ್ನೂ’ ಅವರ ಬಾಯಲ್ಲಿ ಎಷ್ಟು ಸಿಹಿಯಾಗಿತ್ತೋ ನನ್ನ ಮನಸ್ಸಿನಲ್ಲಿ ಅಷ್ಟೇ ಕಹಿಯಾಯಿತು.

“ಹೇಗಿದ್ದೀರಿ, ಸಾರ್?” ಎಂದೆ. ಹದಿನೈದು ವರ್ಷದ ಹಿಂದೆಯೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಅವರು ಪಕ್ಕದ ಎಲೆಯ ಮುಂದೆ ಕೂರುವಂತೆ ಕೈಮಾಡಿ, ಸಾವಕಾಶವಾಗಿ ಉತ್ತರ ಹೇಳತೊಡಗಿದರು.