ಕಾಳು, ಹಿಟ್ಟು ಮತ್ತು ದಾಸೋಹ

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ಶರಣದಂಪತಿಗಳ ಕಥನವನ್ನು ಪಾಠಶಾಲೆಯಲ್ಲಿ ಹೇಳುತ್ತಿದ್ದೆನು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಅಧಿಕವಾಗಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಿಳಿಯಹೇಳಿದಳು. ಕಥೆ ಮುಗಿದೊಡನೆ ಒಕ್ಕಲುತನದ ಮನೆಯ ಬಾಲಕನೊಬ್ಬನು ಎದ್ದುನಿಂತು, “ಗುರುಗಳೆ, ನಮ್ಮ ಅಪ್ಪ ವರುಷಕ್ಕಾಗುವ ಜೋಳವನ್ನು ಚೀಲಗಳಲ್ಲಿ ಕಟ್ಟಿಟ್ಟಿದ್ದಾನೆ. ಅದು ತಪ್ಪೆ?” ಎಂದು ಕೇಳಿದನು. ಆ ಹೊತ್ತು ನಾನು ಕೊಟ್ಟ ಉತ್ತರವು ನನಗೇ ತೃಪ್ತಿಯನ್ನುಂಟುಮಾಡಲಿಲ್ಲ. ಆದಕಾರಣ ಈ ವಿಚಾರವನ್ನು ವಾಚಕರ ಮುಂದಿಡುತ್ತಿದ್ದೇನೆ.

ದಿನದಿನವೂ ದೊರೆಯುವ ವಸ್ತುವಿಗೂ ವರುಷಕ್ಕೊಮ್ಮೆ ದೊರೆಯುವ ವಸ್ತುವಿಗೂ ಒಂದೇ ಅಳತೆ ಸಲ್ಲದು. ವಿಜಯಪುರ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವನ್ನು ಮಳೆಗಾಲದ ಕೊನೆಯಲ್ಲಿ ಬಿತ್ತುತ್ತಾರೆ. ತಿಪ್ಪೆಗೊಬ್ಬರವನ್ನುಂಡ ನೆಲವು ಹಿಡಿದಿಟ್ಟ ತೇವದಿಂದಲೇ ಬೆಳೆದು, ಮಾಘ-ಫಾಲ್ಗುಣಗಳ ಹೊತ್ತಿಗೆ ಅದು ಕೊಯ್ಲಿಗೆ ಬರುತ್ತದೆ. ಆ ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಮನೆಮಂದಿಯೂ ಆಳುಗಳೂ ಅತಿಥಿ-ಜಂಗಮರೂ ಉಣ್ಣಬೇಕು. ಬಿತ್ತನೆಗೂ ಬೀಜ ಉಳಿಯಬೇಕು. ನಾಳಿನ ಬೀಜವನ್ನು ಇಂದೇ ಉಂಡು ಮುಗಿಸುವುದು ತ್ಯಾಗವಲ್ಲ, ಅವಿವೇಕ.

ಹಾಗಾದರೆ ಸಂಗ್ರಹವು ದೋಷವಾಗುವುದೆಲ್ಲಿ? ಇದನ್ನು ಕಾಳೇ ನಮಗೆ ಕಲಿಸುತ್ತದೆ. ಇಡಿಯ ಕಾಳು ಜೀವವುಳ್ಳದ್ದು. ಅದರ ಒಡಲಲ್ಲಿ ಅಂಕುರವುಂಟು, ಅಂಕುರದಲ್ಲಿ ಎಣ್ಣೆಯ ಅಂಶವುಂಟು, ಹೊರಗೆ ಅದನ್ನು ಕಾಯುವ ತವುಡಿನ ಪದರವುಂಟು. ಚೆನ್ನಾಗಿ ಒಣಗಿದ ಕಾಳು ಬಹುಕಾಲ ಕೆಡದು. ಹಿರಿಯರು ನೆಲದಲ್ಲಿ ಹಗೇವು ತೋಡಿ, ಸುತ್ತಲೂ ಹುಲ್ಲು-ಹೊಟ್ಟುಗಳನ್ನು ಹಾಸಿ, ಜೋಳ ತುಂಬಿ ಮುಚ್ಚುತ್ತಿದ್ದರು. ಒಳಗೆ ಪ್ರಾಣವಾಯು ಕುಂದಿ ಅಂಗಾರವಾಯು ತುಂಬಲು ಹುಳುಗಳು ಬದುಕಲಾರವು. ಮನುಷ್ಯನಾದರೂ ಅಷ್ಟೆ, ತೆರೆದ ಹಗೇವಿನಲ್ಲಿ ಗಾಳಿಯಾಡುವವರೆಗೆ ಕಾಯದೆ ಇಳಿದವರು ಉಸಿರುಕಟ್ಟಿ ಮಡಿದುದುಂಟು.

ಬೀಸಿದ ಮೇಲೆ ಸ್ಥಿತಿಯೇ ಬೇರೆ. ಅಂಕುರದ ಎಣ್ಣೆ ಗಾಳಿಗೆ ತೆರೆದುಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಹಿಟ್ಟು ಕಮಟುವಾಸನೆ ಹಿಡಿದು ಕಹಿಯಾಗುತ್ತದೆ. ಜಿಗಿ ತಪ್ಪಿ, ತಟ್ಟುವಾಗ ರೊಟ್ಟಿಯ ಅಂಚು ಬಿರಿಯುತ್ತದೆ. ಅದಕ್ಕಾಗಿಯೇ ತಾಯಂದಿರು ಕೋಳಿ ಕೂಗುವ ಮುನ್ನ ಎದ್ದು ಬೇಕಾದಷ್ಟನ್ನೇ ಬೀಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಯುರೋಪು-ಅಮೆರಿಕಗಳಲ್ಲಿ ಲೋಹದ ಉರುಳೆಗಳ ಗಿರಣಿಗಳು ಹರಡಿದವು. ಗೋಧಿಯ ತೂಕದಲ್ಲಿ ನೂರಕ್ಕೆ ಸುಮಾರು ೧೪ ಪಾಲು ತವುಡು, ಸುಮಾರು ೩ ಪಾಲು ಅಂಕುರ, ಉಳಿದುದು ತಿರುಳು. ಆ ಗಿರಣಿಗಳು ತವುಡು-ಅಂಕುರಗಳನ್ನು ಬೇರ್ಪಡಿಸಿದವು. ಹಾಗೆ ಬಂದ ಬಿಳಿಯ ಹಿಟ್ಟು ತಿಂಗಳುಗಟ್ಟಲೆ ಅಂಗಡಿಯಲ್ಲಿ ಕುಳಿತಿರಬಲ್ಲದು. ಆದರೆ ನಾರಿನ ಮತ್ತು ಜೀವಸತ್ತ್ವಗಳ ಬಹುಭಾಗವನ್ನು ಕಳೆದುಕೊಂಡೇ ಅದು ಈ ಬಾಳಿಕೆಯನ್ನು ಪಡೆಯಿತು.

ಇಷ್ಟರಿಂದಲೇ ಬೀಸುಕಲ್ಲನ್ನು ಸ್ತುತಿಸಹೊರಡುವುದು ಬೀಸದವರಿಗೆ ಮಾತ್ರ ಸುಲಭ. ಶರಣೆ ಕೊಟ್ಟಣದ ಸೋಮಮ್ಮನದು ಧಾನ್ಯ ಕುಟ್ಟುವ ಕಾಯಕ. ಆ ಶ್ರಮವನ್ನು ಬಲ್ಲವರು ಊರ ಗಿರಣಿಯನ್ನು ಹಳಿಯಲಾರರು. ವಾರಕ್ಕೆ ಸಾಕಾಗುವಷ್ಟು ಕಾಳನ್ನು ಅಲ್ಲಿಗೆ ಒಯ್ದು ಬೀಸಿಸಿ, ತವುಡನ್ನು ಜರಡಿ ಹಿಡಿದು ಚೆಲ್ಲದೆ ಉಣ್ಣುವುದು ಇಂದಿಗೂ ಸಾಧ್ಯ. ಇಲ್ಲಿರುವ ಪ್ರಶ್ನೆ ಕಲ್ಲಿನದಲ್ಲ, ಮನಸ್ಸಿನದು.

ಕಾಳನ್ನು ಕಾದಿಡಬಹುದು, ಒಡಲು ಮುರಿದುಕೊಂಡು ಹಿಟ್ಟಾದುದನ್ನು ಬೇಗನೆ ಬಡಿಸಬೇಕು. ಬಡಿಸದೆ ಉಳಿಸಬೇಕೆಂದರೆ ಅದರ ಜೀವವನ್ನು ತೆಗೆಯಬೇಕಾಗುತ್ತದೆ. ಸಂಪತ್ತಿನ ಗತಿಯೂ ಇದೇ ಅಲ್ಲವೆ? ಸುಟ್ಟು ಒಣಗಿಸಿದ ಖಡಕ್ ರೊಟ್ಟಿಯೊಂದು ಬಹುದಿನ ಬಾಳುತ್ತದೆಂಬುದು ನಿಜ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಗ್ರಾಮಗಳ ತಾಯಂದಿರು ಜೋಳದ ರೊಟ್ಟಿಗಳನ್ನು ತಟ್ಟಿ ಕಳುಹಿಸುತ್ತಾರೆ. ಅಲ್ಲಿ ರೊಟ್ಟಿ ಬಾಳುವುದು ಪೆಟ್ಟಿಗೆಯಲ್ಲಿ ಕೂಡಿಡುವುದಕ್ಕಲ್ಲ, ದೂರದ ಪಂಕ್ತಿಯನ್ನು ಮುಟ್ಟುವುದಕ್ಕೆ.

ಈಗ ಆ ಬಾಲಕನಿಗೆ ನಾನು ಹೇಳುವುದಿಷ್ಟು. ಮಗು, ಚೀಲವನ್ನು ಕಟ್ಟಿದುದರಲ್ಲಿ ನಿನ್ನ ತಂದೆಯ ತಪ್ಪಿಲ್ಲ. ಬೀಜಕ್ಕೊಂದು ಪಾಲು, ಮನೆಗೊಂದು ಪಾಲು, ದಾಸೋಹಕ್ಕೊಂದು ಪಾಲು ಅದರಲ್ಲಿದ್ದರೆ ಅದು ಕಾಯಕದ ಫಲವೇ ಸರಿ. ಆದರೆ ಬಾಗಿಲಲ್ಲಿ ಹಸಿದವನು ನಿಂತಿರಲು, ಧಾರಣೆ ಏರಲೆಂದು ಕಾಯುತ್ತ ಅದರ ಬಾಯಿ ಬಿಚ್ಚದಿದ್ದರೆ, ಸ್ವಂತ ಬೆವರಿನಿಂದ ಬೆಳೆದ ಜೋಳವೂ ಮಾರಯ್ಯನು ತಂದ ಹೆಚ್ಚಿನ ಅಕ್ಕಿಯೇ ಆಗುತ್ತದೆ. ಅದನ್ನು ತಿರುಗಿ ಸುರಿದು ಬಾ ಎಂದು ಹೇಳುವ ಲಕ್ಕಮ್ಮ ನಮ್ಮ ನಮ್ಮ ಮನೆಗಳಲ್ಲಿ ಇರುವಳೆ ಎಂಬುದನ್ನು ನಾವು ನಾವೇ ನೋಡಿಕೊಳ್ಳಬೇಕು.