ಎತ್ತು ನಿಲ್ಲುತ್ತಿದ್ದ ಜಾಗ

ಅಜ್ಜನ ಹತ್ತಿರ ಒಂದು ಎತ್ತಿತ್ತು. ಮಳೆಗಾಲದಲ್ಲಿ ತೋಟದ ಕೆಳಗಿನ ಇಳುಕಲಿಗೆ ಬಂದರೆ ಕಾಲೂರಿ ನಿಂತುಬಿಡುತ್ತಿತ್ತು. ಬಾಲ ತಿರುಚಿದರೂ ಇಲ್ಲ, ಬಾರುಕೋಲು ಎತ್ತಿದರೂ ಇಲ್ಲ. ಅಜ್ಜ ಒಂದಷ್ಟು ಬೈದು, ಆಮೇಲೆ ಗಾಡಿ ತಿರುಗಿಸಿಕೊಂಡು ಸುತ್ತುದಾರಿ ಹಿಡಿಯುತ್ತಿದ್ದ. ನೆಲದ ಸುದ್ದಿ ನಮಗಿಂತ ಅದಕ್ಕೆ ಮೊದಲು ತಿಳಿಯುತ್ತದೆ ಎಂಬುದು ಅವನ ನಂಬಿಕೆ.

ನ್ಯೂಜಿಲೆಂಡಿನ ವೈಕಾಟೊ ಸೀಮೆಯ ಒಂದು ಹಾಲಿನ ಫಾರ್ಮಿನಲ್ಲಿ ಮೂರು ಸೀಸನ್ ದುಡಿದಾಗ ಆ ಎತ್ತು ನನಗೆ ದಿನಾ ನೆನಪಾಗುತ್ತಿತ್ತು. ಅಲ್ಲಿ ಎತ್ತೂ ಇಲ್ಲ, ಕುದುರೆಯೂ ಇಲ್ಲ, ಇರುವುದು ಕ್ವಾಡ್ ಬೈಕ್ ಎಂಬ ನಾಲ್ಕು ಚಕ್ರದ ಗಾಡಿ. ನಸುಕಿನಲ್ಲಿ ಹಸುಗಳನ್ನು ಹಾಲು ಕರೆಯುವ ಕೊಟ್ಟಿಗೆಗೆ ತರುವುದು ಅದರಲ್ಲಿ. ಬೇಲಿಗೂಟ, ಕರುವಿನ ಹಾಲಿನ ಡಬ್ಬ, ಹಿಂದಿನ ಕ್ಯಾರಿಯರಿನಲ್ಲಿ ಕಿವಿ ನಿಮಿರಿಸಿ ಕುಳಿತ ನಾಯಿ, ಎಲ್ಲದರ ಸವಾರಿಯೂ ಅದರ ಮೇಲೆಯೇ. ಇಡೀ ದಿನ ಆಕ್ಸಿಲರೇಟರ್ ಒತ್ತಿ ಒತ್ತಿ ಬಲ ಹೆಬ್ಬೆರಳು ಸಂಜೆಗೆ ಜೋಮು ಹಿಡಿಯುತ್ತಿತ್ತು. ಆದರೂ ಆ ಗಾಡಿಯ ಮೇಲೆ ನನಗೆ ಪ್ರೀತಿ ಹುಟ್ಟಿತು. ಕಾರಿನ ಟೈರಿಗೆ 30 ಪಿಎಸ್‌ಐ ಗಾಳಿ ಬೇಕಾದರೆ ಇದಕ್ಕೆ 3ರಿಂದ 5 ಸಾಕು. ಮೆತ್ತಗಿನ ಆ ದಪ್ಪ ಚಕ್ರ ಕೆಸರನ್ನು ಸೀಳದೆ ಅದರ ಮೇಲೆ ಮೈಚಾಚಿ ಹೋಗುತ್ತದೆ, ಹುಲ್ಲಿನ ಬೇರಿಗೆ ನೋವಾಗುವುದಿಲ್ಲ. ನಾಲ್ಕು ಜನರ ಕೆಲಸವನ್ನು ಒಬ್ಬ ಮುಗಿಸಬಹುದು. ಆದರೆ ಆ ಒಬ್ಬ, ಗುಡ್ಡದಲ್ಲಿ ಒಬ್ಬನೇ ಇರುತ್ತಾನೆ.

ಕ್ವಾಡ್ ಬೈಕಿನ ಹುಟ್ಟೇ ಬೇರೆ ಕಾರಣಕ್ಕೆ. ಚಳಿಗಾಲದಲ್ಲಿ ಮೋಟಾರ್‌ಸೈಕಲ್ ಮಾರಾಟವಾಗದೆ ಅಮೆರಿಕದ ವ್ಯಾಪಾರಿಗಳು ಬೇರೇನಾದರೂ ಕೊಡಿ ಎಂದು ಹೋಂಡಾವನ್ನು ಕೇಳಿದರು. 1970ರಲ್ಲಿ ಮೂರು ಚಕ್ರದ ಆಟದ ಗಾಡಿ ಅಲ್ಲಿಗೆ ಬಂತು. ಬಿದ್ದು ಸತ್ತವರ ಲೆಕ್ಕ ಬೆಳೆಯುತ್ತ ಹೋಗಿ 1988ರಲ್ಲಿ ಹೊಸ ಮೂರು ಚಕ್ರಗಳ ಮಾರಾಟ ನಿಂತಿತು. ಅಷ್ಟರಲ್ಲಿ ಸುಜುಕಿಯ ನಾಲ್ಕು ಚಕ್ರದ ಗಾಡಿ ಬಂದಾಗಿತ್ತು. ರೈತರು ಅದನ್ನು ಆಟದಿಂದ ಕೆಲಸಕ್ಕೆ ಎಳೆದುಕೊಂಡರು. ಅದಕ್ಕೆ ಕೊಟ್ಟ ಹೆಸರು ಆಲ್ ಟೆರೇನ್ ವೆಹಿಕಲ್, ಎಲ್ಲ ನೆಲಕ್ಕೂ ಸಲ್ಲುವ ಗಾಡಿ. ಎಲ್ಲ ನೆಲಕ್ಕೂ ಸಲ್ಲುವ ಪ್ರಾಣಿಯೇ ಇಲ್ಲದಿರುವಾಗ ಗಾಡಿ ಎಲ್ಲಿಂದ ಬಂತು?

ನಮ್ಮ ಮಾಲೀಕರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹುಟ್ಟಿದ್ದು ಅದೇ ಫಾರ್ಮಿನಲ್ಲಿ. ನಾನು ಸೇರುವುದಕ್ಕೆ ಎರಡು ವರ್ಷ ಮೊದಲು ಗಾರ್ಸ್ ಮುಳ್ಳುಕಂಟಿಗೆ ಔಷಧಿ ಹೊಡೆಯಲು ಹಿಂದಿನ ಗುಡ್ಡಕ್ಕೆ ಹೋಗಿದ್ದರು. ಬೈಕಿನ ಮೇಲಿನ ಔಷಧಿಯ ಟ್ಯಾಂಕು ಅರ್ಧ ಖಾಲಿಯಾಗಿತ್ತು. ಅರ್ಧ ತುಂಬಿದ ಟ್ಯಾಂಕು ತುಂಬಿದ್ದಕ್ಕಿಂತ ಮೋಸದ್ದು, ಯಾಕೆಂದರೆ ಗಾಡಿ ವಾಲಿದ ಕಡೆಗೇ ನೀರೂ ಓಡುತ್ತದೆ. ಮೇಲ್ಬದಿಯ ಚಕ್ರ ಒಂದು ಹುಲ್ಲಿನ ಗುಪ್ಪೆ ಹತ್ತಿತು, ಅಷ್ಟೆ. ಮುನ್ನೂರು ಕಿಲೋ ಹತ್ತಿರದ ಗಾಡಿ ಅವರ ತೊಡೆಯ ಮೇಲೆ ಬಿತ್ತು. ನೆಲ ಮಳೆಗೆ ಮೆತ್ತಗಾಗಿದ್ದರಿಂದ ಕಾಲು ಉಳಿಯಿತು. ಎದೆಯ ಮೇಲೆ ಬಿದ್ದಿದ್ದರೆ ಒಂದು ಮೂಳೆಯೂ ಮುರಿಯದೆ, ಬರೀ ಉಸಿರೆಳೆಯಲಾಗದೆ ಸಾಯುತ್ತಿದ್ದರು. ಕ್ವಾಡ್ ಬೈಕಿನಡಿ ಎಷ್ಟೋ ಜನ ಸಾಯುವುದು ಹಾಗೆಯೇ.

"ಐವತ್ತು ವರ್ಷದಿಂದ ಆ ಗುಡ್ಡ ನನಗೆ ಗೊತ್ತು" ಎಂದು ಅವರು ಹೇಳುವಾಗ ದನಿಯಲ್ಲಿ ಇನ್ನೂ ಅಚ್ಚರಿಯಿತ್ತು. ನನ್ನನ್ನು ಕಾಡಿದ್ದು ಆ ಅಚ್ಚರಿ. ಅಪರಿಚಿತ ಜಾಗದಲ್ಲಿ ನಾವು ಹೆಜ್ಜೆ ಅಳೆದು ಇಡುತ್ತೇವೆ, ಸ್ವಂತ ನೆಲದಲ್ಲಿ ಅಳತೆ ಮರೆಯುತ್ತೇವೆ. ನಿನ್ನೆ ಸುಳುವಾಗಿ ಹೋದ ದಾರಿ ಇವತ್ತಿನ ಮಳೆ, ಇವತ್ತಿನ ಹೊರೆ, ಇವತ್ತಿನ ಆಯಾಸದೊಂದಿಗೆ ಬೇರೆಯೇ ದಾರಿ.

ಕ್ವಾಡ್ ಬೈಕಿನಲ್ಲಿ ಸವಾರನ ಮೈಯೂ ಒಂದು ಬಿಡಿಭಾಗ. ಏರಿನಲ್ಲಿ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಬೇಕು, ಅಡ್ಡ ಇಳಿಜಾರಿನಲ್ಲಿ ಗುಡ್ಡದ ಕಡೆಗೆ ತೂಗಬೇಕು. ಚೆನ್ನಾಗಿ ಓಡಿಸುವವರನ್ನು ನೋಡುವುದೇ ಒಂದು ಸೊಗಸು. ಈ ತೂಗುವಿಕೆಯನ್ನೇ ನೆಚ್ಚಿ ಕಂಪನಿಗಳು ಬಹುಕಾಲ ವಾದಿಸಿದವು: ತರಬೇತಿ ಕೊಡಿ, ಹೆಲ್ಮೆಟ್ ಹಾಕಿಸಿ, ಮಗುಚಿದಾಗ ಕಾಯುವ ಕಬ್ಬಿಣದ ಬಿಲ್ಲು ಬೇಡ, ಅದೇ ಸವಾರನಿಗೆ ಪೆಟ್ಟು ಮಾಡೀತು. ಆಸ್ಟ್ರೇಲಿಯಾ ಒಪ್ಪಲಿಲ್ಲ. 2021ರ ಅಕ್ಟೋಬರಿನಿಂದ ಅಲ್ಲಿ ಮಾರುವ ಪ್ರತಿ ಹೊಸ ಕೆಲಸದ ಕ್ವಾಡ್ ಬೈಕಿಗೂ ಹಿಂಬದಿಯಲ್ಲಿ ರಕ್ಷಣೆಯ ಚೌಕಟ್ಟು ಇರಲೇಬೇಕು, ಪಕ್ಕಕ್ಕೆ 28.81 ಡಿಗ್ರಿ ವಾಲಿಸುವವರೆಗೂ ಅದು ಎರಡು ಚಕ್ರದ ಮೇಲೆ ಏಳಬಾರದು. ಹೋಂಡಾ, ಯಮಾಹಾ ಅಲ್ಲಿನ ಕೆಲಸದ ಕ್ವಾಡ್ ಬೈಕ್ ಮಾರುಕಟ್ಟೆಯನ್ನೇ ಬಿಟ್ಟವು. ನಾನು ಕಾನೂನಿನ ಪರ. ಎಪ್ಪತ್ತು ಕಿಲೋ ಮನುಷ್ಯ ಎಷ್ಟೇ ಬಾಗಿದರೂ, ದಿನದ ಹತ್ತನೇ ಗಂಟೆಯಲ್ಲಿ, ಒಂದು ಕಣ್ಣು ತಪ್ಪಿಸಿಕೊಂಡ ಕರುವಿನ ಮೇಲಿರುವಾಗ, ಮುನ್ನೂರು ಕಿಲೋವನ್ನು ತೂಗಲಾರ.

ಆದರೆ ಚೌಕಟ್ಟಿನದು ಬಿದ್ದ ಮೇಲಿನ ಮಾತು. ಬೀಳುವ ಮುಂಚಿನ ಮಾತು ಆ ಎತ್ತಿನದು. ಎತ್ತಿಗೆ ಅದರದೇ ಜೀವದ ಭಯವಿತ್ತು, ಆ ಭಯದ ನೆರಳಿನಲ್ಲಿ ಅಜ್ಜನೂ ಉಳಿದ. ಎಂಜಿನ್ ಒಲ್ಲೆ ಅನ್ನುವುದಿಲ್ಲ. ಹೆಬ್ಬೆರಳು ಒತ್ತಿದಷ್ಟೂ ಅದು ಹೋಗುತ್ತದೆ, ಕೊರಕಲಿನ ಅಂಚಿನವರೆಗೂ ಅದೇ ಹುರುಪಿನಲ್ಲಿ. ದನದ ಶಕ್ತಿಯನ್ನು ಯಂತ್ರಕ್ಕೆ ವರ್ಗಾಯಿಸಿದೆವು. ಅದರ ಅಂಜಿಕೆಯನ್ನು ಯಾರಿಗೆ ವಹಿಸಿದೆವು? ಸವಾರನಿಗೇ ಅದು ಬಂದು ಸೇರಬೇಕಿತ್ತು. ಸೇರುವುದಕ್ಕೆ ನಾಚಿಕೆ ಅಡ್ಡ ಬರುತ್ತದೆ, ಅವಸರ ಅಡ್ಡ ಬರುತ್ತದೆ. ಹೆದರುವುದನ್ನು ನಾವು ಹೇಡಿತನವೆಂದು ಕಲಿತುಬಿಟ್ಟಿದ್ದೇವೆ, ಅದು ಒಂದು ಬಗೆಯ ನೆಲದ ತಿಳಿವಳಿಕೆ ಎಂಬುದನ್ನು ಮರೆತು.

ಮಾಲೀಕರು ಆಮೇಲೆ ಬೈಕಿಗೆ ಚೌಕಟ್ಟು ಹಾಕಿಸಿದರು. ಜೊತೆಗೆ ಫಾರ್ಮಿನ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಿಂದ ಏಳು ಕಡೆ ಗೀಟು ಎಳೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿದ್ದರು. ಆ ಗೀಟಿನಾಚೆಗೆ ಬೈಕು ಹೋಗಕೂಡದು, ಅವರದೂ ಸಹ. ಹಿಂದಿನ ಗುಡ್ಡದ ಗಾರ್ಸ್‌ಗೆ ನಾವು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ನಡೆದೇ ಹೋಗುತ್ತಿದ್ದೆವು. ಬೈಕಿನಲ್ಲಿ ಒಂದು ಗಂಟೆಯ ಕೆಲಸ, ನಡೆದರೆ ಅರ್ಧ ದಿನ ಹಿಡಿಯುತ್ತಿತ್ತು.