ಪ್ರೋಷಧ ವ್ರತವೂ ಒಂದು ಕೋಳಿಮರಿಯೂ

ಪರ್ವದಿನಗಳಲ್ಲಿ ಉಪವಾಸ ಕೈಗೊಳ್ಳುವ ಶ್ರಾವಕ ಶ್ರಾವಿಕೆಯರ ಮನಸ್ಸಿನಲ್ಲಿ ಆಗಾಗ ಏಳುವ ಸಂದೇಹವೊಂದಿದೆ. ಆರಂಭವನ್ನು ತ್ಯಜಿಸಿ, ಮನೆವಾರ್ತೆಯ ಚಿಂತೆಯನ್ನು ದೂರವಿರಿಸಿ, ಸ್ವಾಧ್ಯಾಯ ಧ್ಯಾನಗಳಲ್ಲಿ ಕಳೆಯಬೇಕಾದ ದಿನ ಸಂಕಟದಲ್ಲಿರುವ ಜೀವಿಯೊಂದು ಬಾಗಿಲಿಗೆ ಬಂದರೆ ವ್ರತಿಕರು ಏನು ಮಾಡಬೇಕು? ಕೈಯಲ್ಲಿರುವ ಜಪಮಾಲೆಯನ್ನು ಕೆಳಗಿಡಬಹುದೆ? ಇಟ್ಟರೆ ವ್ರತಕ್ಕೆ ಅತಿಚಾರವೆ? ಇಡದಿದ್ದರೆ ವ್ರತದ ಮೂಲವಾದ ಅಹಿಂಸೆಗೇ ಕುಂದೆ? ಶಾಸ್ತ್ರಸಭೆಗಳಲ್ಲಿ ಈ ಪ್ರಶ್ನೆಗೆ ಬಹು ಬಗೆಯ ಉತ್ತರಗಳನ್ನು ಕೇಳಿದ್ದೇನೆ. ಆದರೆ ನನಗೆ ಇದರ ಅರ್ಥ ತಿಳಿದದ್ದು ಸಭೆಯಲ್ಲಿ ಅಲ್ಲ, ನಮ್ಮ ಮನೆಯ ಚಾವಡಿಯಲ್ಲಿ. ತಿಳಿಸಿದವರು ನನ್ನ ತಾಯಿ. ನಿಮಿತ್ತವಾದದ್ದು ಮೊಟ್ಟೆಯಿಂದ ಆಗತಾನೆ ಹೊರಬಂದ ಒಂದು ದುರ್ಬಲ ಕೋಳಿಮರಿ.

ಹಲವು ವರ್ಷಗಳ ಹಿಂದಿನ ಮಾತು. ಮೂಡುಬಿದಿರೆಯ ಸಮೀಪದ ಹಳ್ಳಿಯಲ್ಲಿ ನಮ್ಮ ವಾಸ. ದಶಲಕ್ಷಣ ಪರ್ವದ ಕೊನೆಯ ದಿನವಾದ ಅನಂತ ಚತುರ್ದಶಿ. ತಾಯಿ ಹಿಂದಿನ ದಿನ ಏಕಭುಕ್ತಿ ಮಾಡಿ, ಅಂದು ನಾಲ್ಕು ವಿಧದ ಆಹಾರವನ್ನೂ ತ್ಯಜಿಸಿ, ಬಸದಿಯಿಂದ ಬಂದು ಚಾವಡಿಯಲ್ಲಿ ಚಾಪೆ ಹಾಸಿ ಕುಳಿತಿದ್ದರು. ಹೊರಗೆ ಭಾದ್ರಪದದ ಮಳೆ. ನೆರೆಮನೆಯ ಕೂಲಿಕಾರ್ತಿಯ ಎಂಟು ವರ್ಷದ ಮಗ ಒದ್ದೆಯಾದ ಕೈಗಳಲ್ಲಿ ಏನನ್ನೋ ಮುಚ್ಚಿಕೊಂಡು ಓಡಿಬಂದ. “ಅಮ್ಮಾ, ಇದು ಸಾಯುತ್ತದೆ” ಎಂದಷ್ಟೇ ಹೇಳಿ ಅಳತೊಡಗಿದ.

ನಡೆದದ್ದಿಷ್ಟು. ಅವರ ಹೇಂಟೆ ಕಾವು ಕುಳಿತು 21 ದಿನಗಳಾಗಿದ್ದವು. ಮೊದಲೊಡೆದ ಮರಿಗಳನ್ನು ಕರೆದುಕೊಂಡು ಅದು ಗೂಡಿನಿಂದ ಇಳಿದುಹೋಗಿತ್ತು. ತಡವಾಗಿ ಒಡೆಯತೊಡಗಿದ ಒಂದು ಮೊಟ್ಟೆ ಮಾತ್ರ ಗೂಡಿನಲ್ಲಿ ಉಳಿದಿತ್ತು. ಒಳಗಿನ ಕೂಗನ್ನು ಕೇಳಿ ಕನಿಕರಗೊಂಡ ಹುಡುಗ ಚಿಪ್ಪನ್ನು ತಾನೇ ಉಗುರಿನಿಂದ ಬಿಡಿಸಿ ಮರಿಯನ್ನು ಹೊರತೆಗೆದಿದ್ದ. ಮರಿ ತಣ್ಣಗಾಗಿತ್ತು; ನಿಲ್ಲಲಾರದೆ ಎರಡು ಕಾಲುಗಳನ್ನೂ ಎರಡು ಪಕ್ಕಕ್ಕೆ ಚಾಚಿ ಬಿದ್ದಿತ್ತು. ಅವನ ತಾಯಿ, ಇದು ಬದುಕುವುದಲ್ಲ ಎಂದು ಬೇಲಿಯಾಚೆ ಬಿಡಲು ಹೇಳಿದ್ದಳು.

ನಾನು ಹುಡುಗನನ್ನು ಗದರಿದೆ. “ಇಂದು ಅಮ್ಮನಿಗೆ ಉಪವಾಸ, ಇದನ್ನೆಲ್ಲ ಇಲ್ಲಿ ತರಬೇಡ” ಎಂದೆ. ತಾಯಿ ನನ್ನ ಮುಖವನ್ನು ಒಮ್ಮೆ ನೋಡಿದರು. “ಮಗಾ, ಉಪವಾಸ ನನಗೆ, ಅದಕ್ಕೆ ಅಲ್ಲವಲ್ಲ” ಎಂದು ಹೇಳಿ, ಜಪಮಾಲೆಯನ್ನು ಮಡಚಿ ವಸ್ತ್ರದಲ್ಲಿಟ್ಟು ಎದ್ದರು.

ಆ ದಿನ ಅವರು ಮಾಡಿದ ಒಂದೊಂದು ಕೆಲಸವೂ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಒಂದು ಬೆತ್ತದ ಬುಟ್ಟಿಯನ್ನು ತರಿಸಿ ಬೆಳಕಿಗೆ ಹಿಡಿದು, ಹೆಣಿಗೆಯ ಸಂದುಗಳಲ್ಲಿ ಇರುವೆ ಮೊದಲಾದ ಜಂತುಗಳಿವೆಯೋ ಎಂದು ನೋಡಿದರು. ಮೃದುವಾದ ಬಟ್ಟೆಯಿಂದ ಒರೆಸಿದರು. ಹಾಸಲು ತಂದ ಹುಲ್ಲನ್ನು ಕೈಯಿಂದ ಬಿಡಿಸಿ ಪರೀಕ್ಷಿಸಿದರು. ಹುಲ್ಲಿನ ಮೇಲೆ ಗೋಣಿಯ ತುಂಡನ್ನು ಹಾಸಿದರು. ನುಣುಪಾದ ಕಾಗದದ ಮೇಲಿಟ್ಟರೆ ಎಳೆಯ ಕಾಲುಗಳಿಗೆ ಹಿಡಿತ ಸಿಗದೆ ಇನ್ನಷ್ಟು ಜಾರುತ್ತವೆಂಬುದು ಅವರಿಗೆ ತಿಳಿದಿತ್ತು. ಮನೆಯವರ ಉಪಯೋಗಕ್ಕೆಂದು ಹಗಲಿನಲ್ಲೇ ಸೋಸಿ ಕಾಯಿಸಿಟ್ಟಿದ್ದ ನೀರನ್ನು ಒಂದು ಸೀಸೆಯಲ್ಲಿ ತುಂಬಿಸಿ, ಬಟ್ಟೆ ಸುತ್ತಿ, ಬುಟ್ಟಿಯ ಒಂದು ಬದಿಯಲ್ಲಿ ಇರಿಸಿದರು. ಇನ್ನೊಂದು ಬದಿಯನ್ನು ಬರಿದಾಗಿ ಬಿಟ್ಟರು. ಸೆಕೆಯಾದರೆ ಮರಿ ಅತ್ತ ಸರಿಯಲಿ ಎಂಬ ವಿವೇಚನೆ.

ದೀಪ ಹಚ್ಚಿಡೋಣವೆ ಎಂದು ನಾನು ಕೇಳಿದ್ದೆ. ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತುವ ಹುಳಗಳ ಲೆಕ್ಕವೆಷ್ಟು, ಒಂದನ್ನು ಉಳಿಸಲು ನೂರನ್ನು ಸುಡುವುದೆ ಎಂದು ಅವರು ಬೇಡವೆಂದರು. ಎಳೆಯ ಕೋಳಿಮರಿ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕೆಂದು ಪಶುವೈದ್ಯರು ಹೇಳುತ್ತಾರೆ. ತಾಯಿಗೆ ಈ ಅಂಕೆ ತಿಳಿದಿರಲಿಲ್ಲ. ಸೀಸೆಯನ್ನು ತಮ್ಮ ಕೆನ್ನೆಗೆ ತಾಗಿಸಿ ನೋಡುತ್ತಿದ್ದರು. ಅದೇ ಅವರ ಅಳತೆ.

ಆಹಾರದ ಮಾತು ಬಂದಾಗ ನೆರೆಯವರೊಬ್ಬರು, ಬೇಯಿಸಿದ ಮೊಟ್ಟೆಯ ಹಳದಿಯನ್ನು ತಿನ್ನಿಸಿದರೆ ಮರಿಗೆ ಶಕ್ತಿ ಬರುತ್ತದೆಂದು ಸಲಹೆ ಮಾಡಿದರು. ತಾಯಿ ನಸುನಕ್ಕು ತಲೆಯಾಡಿಸಿದರು. ಯಾವ ಆಹಾರವೂ ಇಂದು ಬೇಡ, ಸುಮ್ಮನೆ ಬೆಚ್ಚಗಿರಲಿ ಎಂದರು. ಇದು ಅಜ್ಞಾನದ ಮಾತಲ್ಲವೆಂದು ಬಹುಕಾಲದ ಮೇಲೆ ತಿಳಿದೆ. ಚಿಪ್ಪೊಡೆದು ಬರುವ ಮೊದಲು ಮರಿ ಮೊಟ್ಟೆಯಲ್ಲಿ ಉಳಿದ ಹಳದಿಯನ್ನು ತನ್ನ ಹೊಟ್ಟೆಯೊಳಕ್ಕೆ ಸೆಳೆದುಕೊಂಡಿರುತ್ತದೆ. ಅದರ ಬಲದಿಂದ ಎರಡು ಮೂರು ದಿನ ಅನ್ನಪಾನಗಳಿಲ್ಲದೆಯೂ ಜೀವಿಸಬಲ್ಲದು. ಅವಸರದಿಂದ ಬಾಯಿಗೆ ನೀರು ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಎರವಾಗುವುದುಂಟು. ತಾಯಿ ಸಂಜೆಯ ಮೊದಲು ಒಮ್ಮೆ ಮಾತ್ರ, ಸೋಸಿದ ಉಗುರುಬೆಚ್ಚನೆಯ ನೀರಿನಲ್ಲಿ ಬೆರಳದ್ದಿ ಅದರ ಕೊಕ್ಕಿನ ತುದಿಗೆ ಮುಟ್ಟಿಸಿದರು. ಹನಿಯನ್ನು ಅದು ತಾನೇ ಹೀರಿತು.

ಹುಡುಗನ ಕನಿಕರವನ್ನೂ ಇಲ್ಲಿ ನೆನೆಯಬೇಕು. ಮೊಟ್ಟೆಗೆ ಮೊದಲ ಬಿರುಕು ಬಿದ್ದ ಮೇಲೆ ಮರಿ ಹೊರಬರಲು ಒಂದು ದಿನದಷ್ಟು ಕಾಲ ಹಿಡಿಯುವುದುಂಟು. ಆ ಹೊತ್ತಿನಲ್ಲಿ ಪೊರೆಯಲ್ಲಿರುವ ರಕ್ತವೂ ಉಳಿದ ಹಳದಿಯೂ ಅದರ ಒಡಲನ್ನು ಸೇರುತ್ತವೆ. ಕಾಣುವವರಿಗೆ ಸಂಕಟವೆಂದು ತೋರುವ ಆ ಅವಧಿ ಅದರ ಬಲಸಂಚಯದ ಕಾಲ. ಮಗುವಿನ ದಯೆಯಲ್ಲಿ ದೋಷವಿರಲಿಲ್ಲ. ದಯೆಗೆ ಕಣ್ಣಾಗಬೇಕಾದ ಜ್ಞಾನವಿರಲಿಲ್ಲ. ನಮ್ಮ ಆಚಾರ್ಯರು ದರ್ಶನ ಜ್ಞಾನಗಳ ಜೊತೆಯಲ್ಲಿಯೇ ಚಾರಿತ್ರವನ್ನು ಹೇಳಿದುದರ ಔಚಿತ್ಯ ಇಂಥ ಸಣ್ಣ ಸಂಗತಿಗಳಲ್ಲಿಯೂ ಗೋಚರವಾಗುತ್ತದೆ.

ಇನ್ನು ಕಾಲುಗಳ ವಿಷಯ. ಅಗಲಕ್ಕೆ ಚಾಚಿದ ಕಾಲುಗಳನ್ನು ಮೊದಲ ದಿನಗಳಲ್ಲೇ ಸರಿಯಾದ ಅಂತರದಲ್ಲಿ ಮೃದುವಾಗಿ ಕಟ್ಟಿಡದಿದ್ದರೆ ಮರಿ ಮುಂದೆ ನಡೆಯಲಾರದು. ತಾಯಿ ಹಳೆಯ ಸೀರೆಯ ಅಂಚಿನಿಂದ ಎಳೆಯಾದ ಪಟ್ಟಿಯೊಂದನ್ನು ಹರಿದರು. ಕಟ್ಟುವ ಮುನ್ನ ಅವರ ಕೈ ಒಂದು ಕ್ಷಣ ನಿಂತಿತು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧವೆಂದು ನಾವೆಲ್ಲ ಬಾಲ್ಯದಲ್ಲೇ ಕಲಿತವರು. “ಕಟ್ಟಬಹುದೇನೋ?” ಎಂದು ತಮ್ಮನ್ನೇ ಕೇಳಿಕೊಂಡರು. ಆಮೇಲೆ ಕಟ್ಟಿದರು. ಗಂಟು ಬಿಗಿಯಾಗಿದೆಯೋ ಎಂದು ರಾತ್ರಿಯೆಲ್ಲ ನಾಲ್ಕಾರು ಸಲ ಬೆರಳಿನಿಂದ ಮುಟ್ಟಿ ನೋಡುತ್ತಲೇ ಇದ್ದರು.

ಆ ಒಂದು ಕ್ಷಣದ ನಿಲುಗಡೆಯಲ್ಲಿ ಇಡೀ ಪ್ರಶ್ನೆಯ ಉತ್ತರವಿದೆಯೆಂದು ನನಗೆ ತೋರುತ್ತದೆ. ಪ್ರಮತ್ತಯೋಗದಿಂದ, ಎಂದರೆ ಕಷಾಯಕ್ಕೆ ಒಳಗಾದ ಎಚ್ಚರಗೇಡಿ ಮನ ವಚನ ಕಾಯಗಳಿಂದ, ಪ್ರಾಣಗಳಿಗೆ ಒದಗುವ ಘಾತವೇ ಹಿಂಸೆ ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಕೋಪದಿಂದಲೋ ಲೋಭದಿಂದಲೋ ಹಾಕಿದ ಕಟ್ಟು ಬಂಧ. ನಡೆಯುವಂತಾಗಲೆಂದು ಹಾಕಿ, ಅದು ನೋಯಿಸೀತೆಂದು ತಾನೇ ನಿದ್ದೆಗೆಡುವ ಕಟ್ಟು ಔಷಧ. ಅತಿಚಾರಗಳಲ್ಲಿ ಐದನೆಯದು ಅನ್ನಪಾನ ನಿರೋಧ. ಅಂದು ಮರಿಗೆ ಆಹಾರ ಕೊಡದಿದ್ದುದೂ ಹೊರನೋಟಕ್ಕೆ ನಿರೋಧದಂತೆಯೇ ಇತ್ತು. ಭಾವವನ್ನು ನೋಡಿದರೆ ರಕ್ಷಣೆಯಾಗಿತ್ತು. ಕ್ರಿಯೆ ಒಂದೇ ಆಗಿದ್ದು ಭಾವಭೇದದಿಂದ ಫಲಭೇದವಾಗುವುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಪ್ರೋಷಧೋಪವಾಸಕ್ಕೆ ಭಂಗವಾಯಿತೆ ಎಂಬುದು ಎರಡನೆಯ ಪ್ರಶ್ನೆ. ಆ ವ್ರತದ ಅತಿಚಾರಗಳನ್ನು ನೆನೆಯಿರಿ. ನೋಡದೆ, ಒರೆಸದೆ ವಸ್ತುವನ್ನು ಎತ್ತುವುದು, ಇಡುವುದು, ಹಾಸಿಗೆ ಹಾಸುವುದು, ವ್ರತದಲ್ಲಿ ಅನಾದರ, ಮಾಡತಕ್ಕುದನ್ನು ಮರೆಯುವುದು. ತಾಯಿ ಬುಟ್ಟಿಯನ್ನು ನೋಡಿದರು, ಒರೆಸಿದರು, ಹಾಸಿದರು. ವ್ರತವು ಅವರ ಕೈಗಳಿಗೆ ಕಲಿಸಿದ್ದ ಯತ್ನಾಚಾರವೇ ಅಂದು ಮರಿಯ ಹಾಸಿಗೆಯಾಯಿತು. ವ್ಯಾಪಾರ, ಅಡುಗೆ, ಅಲಂಕಾರ ಮೊದಲಾದ ಆರಂಭಗಳನ್ನು ಬಿಡಬೇಕೆಂದದ್ದು ಅವು ಚಿತ್ತವನ್ನು ತನ್ನ ಸುಖದ ಕಡೆಗೆ ಸೆಳೆಯುತ್ತವೆಂಬ ಕಾರಣದಿಂದ. ಸಂಕಟದಲ್ಲಿರುವ ಜೀವದ ಉಪಚಾರ ಚಿತ್ತವನ್ನು ಸ್ವಾರ್ಥದಿಂದ ಹೊರಕ್ಕೆ ತರುತ್ತದೆ. ಮೈತ್ರಿ, ಪ್ರಮೋದ, ಮಾಧ್ಯಸ್ಥ್ಯಗಳೊಡನೆ ಕ್ಲೇಶಪಡುವ ಜೀವಿಗಳಲ್ಲಿ ಕಾರುಣ್ಯವನ್ನು ಭಾವಿಸಬೇಕೆಂಬ ವಿಧಿಗೆ ಪರ್ವದಿನ ವಿನಾಯಿತಿಯೇನೂ ಇಲ್ಲ.

ಮೂರನೆಯದು ಸ್ವಲ್ಪ ಕಠಿಣವಾದ ಆಕ್ಷೇಪ. ಕೋಳಿ ಹುಳುಗಳನ್ನು ಹೆಕ್ಕಿ ತಿನ್ನುವ ಪಕ್ಷಿ. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದ ಆಚಾರ್ಯರೂ ಇದ್ದಾರೆ. ಹಾಗಿರುವಾಗ ಇದನ್ನು ಉಳಿಸುವುದು ಹಿಂಸೆಗೆ ಒತ್ತಾಸೆಯಲ್ಲವೆ? ಇಲ್ಲಿ ವಿನೋದಕ್ಕೋ ಲಾಭಕ್ಕೋ ಸಾಕುವುದು ಬೇರೆ, ಸಾಯುತ್ತಿರುವುದನ್ನು ಉಪಚರಿಸುವುದು ಬೇರೆ ಎಂಬ ವಿವೇಕ ಬೇಕು. 1929ರಲ್ಲಿ ಸ್ಥಾಪಿತವಾದ ಪಕ್ಷಿಗಳ ಧರ್ಮಾಸ್ಪತ್ರೆಯೊಂದು ದಿಲ್ಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿದೆ. ಅಲ್ಲಿ ಕಾಳು ತಿನ್ನುವ ಹಕ್ಕಿಗಳನ್ನು ಒಳರೋಗಿಗಳಾಗಿ ಇರಿಸಿಕೊಳ್ಳುತ್ತಾರೆ. ಹದ್ದು ಮೊದಲಾದ ಮಾಂಸಾಹಾರಿ ಹಕ್ಕಿಗಳನ್ನು ಒಳಗೆ ಇರಿಸಿಕೊಳ್ಳದಿದ್ದರೂ ಚಿಕಿತ್ಸೆ ನಿರಾಕರಿಸದೆ ಹೊರರೋಗಿಗಳಾಗಿ ಉಪಚರಿಸುತ್ತಾರೆ. ಗುಣವಾದ ಹಕ್ಕಿಗಳನ್ನು ಆಗಸಕ್ಕೆ ಬಿಡುತ್ತಾರೆ. ಪೋಷಣೆಗೂ ಕರುಣೆಗೂ ನಡುವಿನ ಗೆರೆಯನ್ನು ಆ ಸಂಪ್ರದಾಯ ಎಷ್ಟು ಜಾಗರೂಕತೆಯಿಂದ ಎಳೆದಿದೆ ಎಂಬುದನ್ನು ಗಮನಿಸಬೇಕು.

ಮರುದಿನ ಹುಣ್ಣಿಮೆ. ಬೆಳಿಗ್ಗೆ ತಾಯಿ ಪಾರಣೆಗೆ ಏಳುವ ಹೊತ್ತಿಗೆ ಮರಿ ಒಣಗಿ, ಹಳದಿಯ ತುಪ್ಪುಳು ಬಿರಿದು, ಬುಟ್ಟಿಯೊಳಗೆ ಕೂಗುತ್ತಿತ್ತು. ಅಕ್ಕಿನುಚ್ಚನ್ನು ಗೋಣಿಯ ಮೇಲೆ ಚೆಲ್ಲಿ ಬೆರಳಿನಿಂದ ತಟ್ಟಿದಾಗ ಅದೂ ಕುಕ್ಕಿತು. ಮೂರನೆಯ ದಿನ ಪಟ್ಟಿಯನ್ನು ಬಿಚ್ಚಿದಾಗ ತೂರಾಡುತ್ತ ನಿಂತಿತು. ಅಂದು ಕತ್ತಲಾದ ಮೇಲೆ ಹುಡುಗ ಅದನ್ನು ಒಯ್ದು, ಮಲಗಿದ್ದ ಹೇಂಟೆಯ ರೆಕ್ಕೆಯಡಿಗೆ ಮೆಲ್ಲನೆ ಸೇರಿಸಿದ. ಹಗಲಲ್ಲಿ ಬಿಟ್ಟರೆ ತಾಯಿಕೋಳಿ ಕುಕ್ಕಿ ಓಡಿಸುವ ಭಯವಿರುತ್ತದೆ. ಕತ್ತಲಲ್ಲಿ ಸೇರಿದುದನ್ನು ಬೆಳಿಗ್ಗೆ ತನ್ನದೆಂದೇ ಒಪ್ಪಿಕೊಳ್ಳುವುದುಂಟು. ಇದೂ ಒಪ್ಪಿಕೊಂಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಮರಿಯನ್ನು ಕಳುಹಿಸುವ ಮುನ್ನ ತಾಯಿ ನನ್ನನ್ನು ಕರೆದು, “ಅವಳಿಗೆ ಏನಾದರೂ ಹಣ ಕೊಟ್ಟು, ಇದನ್ನು ಕೊಲ್ಲಬೇಡ, ಮಾರಬೇಡ ಎಂದು ಕೇಳೋಣವೆ?” ಎಂದಿದ್ದರು. ನಾನು ಬೇಡವೆಂದೆ. ಕೋಳಿಯೇ ಅವರ ಕೈಗಾಸು. ಇಂದು ಒಂದನ್ನು ಬಿಡಿಸಿದರೆ ನಾಳೆ ಹತ್ತು ತರುತ್ತಾರೆ. ಊರವರು ನಗುತ್ತಾರೆ ಎಂದೆಲ್ಲ ವಾದಿಸಿದೆ. ತಾಯಿ ಸುಮ್ಮನಾದರು. ಮರಿ ಬೆಳೆದು ಕೆಂಪು ಹುಂಜವಾಯಿತು. ನಮ್ಮ ಅಂಗಳಕ್ಕೂ ಬರುತ್ತಿತ್ತು. ನಮ್ಮ ಕಡೆ ಸುಗ್ಗಿಯ ಮೇಲೆ ಕೋಳಿ ಅಂಕಗಳು ನಡೆಯುವುದು ಎಲ್ಲರಿಗೂ ತಿಳಿದದ್ದೇ. ಅಂಥ ಒಂದು ದಿನದ ಅನಂತರ ಅದು ಬರಲಿಲ್ಲ. ತಾಯಿ ಯಾರನ್ನೂ ಏನನ್ನೂ ಕೇಳಲಿಲ್ಲ. ಅಂದು ಪರ್ವವಲ್ಲದಿದ್ದರೂ ಅವರು ಒಂದೇ ಹೊತ್ತು ಉಂಡರು. ಕಾರಣವನ್ನು ನಾನೂ ಕೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಸಾಯಲಿರುವುದನ್ನು ಉಳಿಸಿ ಫಲವೇನು ಎಂದು ಕೇಳುವವರಿದ್ದಾರೆ. ಕೊನೆಗೆ ಸಾಯದ ದೇಹಧಾರಿ ಯಾರು? ಆ ಮರಿಗೆ ಪಂಚೇಂದ್ರಿಯಗಳೂ ಮನಸ್ಸೂ ಇದ್ದವು. ನಮ್ಮಂತೆಯೇ ಹತ್ತು ಪ್ರಾಣಗಳಿದ್ದವು. ತಿರ್ಯಂಚಗತಿಯ ಅಂಥ ಜೀವಿಯೂ ದೇಶವ್ರತಗಳನ್ನು ಧರಿಸಬಲ್ಲದೆಂದು ಆಗಮ ಹೇಳುತ್ತದೆ. 1209ರಲ್ಲಿ ಜನ್ನ ಕವಿ ರಚಿಸಿದ ಯಶೋಧರ ಚರಿತೆಯನ್ನು ಅರಿಯದ ಮನೆ ನಮ್ಮಲ್ಲಿ ವಿರಳ. ಹಿಟ್ಟಿನ ಹುಂಜವನ್ನು ಬಲಿಕೊಟ್ಟ ತಾಯಿ ಮಕ್ಕಳು ಭವಭವಗಳಲ್ಲಿ ತೊಳಲಿ, ಕೋಳಿಗಳಾಗಿ ಹುಟ್ಟಿದ ಜನ್ಮದಲ್ಲಿ ಧರ್ಮವನ್ನು ಕೇಳಿ ವ್ರತ ಹಿಡಿದರು. ಆ ಕೋಳಿಗಳೂ ಅರಸನ ಬಾಣಕ್ಕೆ ಸಿಕ್ಕಿಯೇ ಸತ್ತವು. ಆದರೆ ಅವು ಅಭಯರುಚಿ ಅಭಯಮತಿಗಳಾಗಿ ಹುಟ್ಟಿದವು. ಹೇಗೆ ಸತ್ತಿತೆಂಬುದರಿಂದ ಜೀವದ ಬೆಲೆ ಕಟ್ಟುವುದಾಗದು. ಬದುಕಿದ ಪ್ರತಿಯೊಂದು ದಿನವೂ ಅದಕ್ಕೆ ಅದರದೇ ಅವಕಾಶ. ತಾಯಿ ಮರಿಗೆ ಕೊಟ್ಟ ದಿನಗಳು ವ್ಯರ್ಥವಲ್ಲ.

ಆದರೂ ನನ್ನ ತಪ್ಪು ತಪ್ಪೇ. ದಾನಗಳಲ್ಲಿ ಔಷಧ ದಾನವನ್ನು ತಾಯಿ ಪೂರ್ಣವಾಗಿ ಮಾಡಿದರು. ಅಭಯದಾನವನ್ನು ಅವರು ಮಾಡಹೊರಟಾಗ ನಾನು ತಡೆದೆ. ಬೇಡಿದ್ದರೆ ಆ ಹೆಣ್ಣುಮಗಳು ಒಪ್ಪುತ್ತಿದ್ದಳೋ ಇಲ್ಲವೋ, ಅದು ಅವಳ ಭಾವಕ್ಕೆ ಸೇರಿದ್ದು. ಒಪ್ಪದಿದ್ದರೆ ನಾವು ಮಾಧ್ಯಸ್ಥ್ಯವನ್ನು ತಾಳಬಹುದಿತ್ತು. ಕೇಳುವುದು ಮಾತ್ರ ನಮ್ಮ ಕೈಯಲ್ಲಿತ್ತು. ಕೇಳದೆ ತಾಳಿದ ಮೌನಕ್ಕೆ ನಾನು ಮಾಧ್ಯಸ್ಥ್ಯವೆಂದು ಹೆಸರಿಟ್ಟುಕೊಂಡಿದ್ದೆ. ಅದು ಮಾಧ್ಯಸ್ಥ್ಯವಲ್ಲ, ಲೋಭವೂ ಲೋಕಲಜ್ಜೆಯೂ ಆಗಿತ್ತು. ಅಂದು ಊಟ ಬಿಟ್ಟವರು ತಾಯಿ. ಪ್ರಾಯಶ್ಚಿತ್ತ ಮಾಡಬೇಕಾಗಿದ್ದವನು ನಾನು.

ಈಗ ತಾಯಿ ಇಲ್ಲ. ಪ್ರತಿ ಅನಂತ ಚತುರ್ದಶಿಯಂದು ಉಪವಾಸದ ಸಂಕಲ್ಪ ಮಾಡುವಾಗ ನಾನು ಒಂದು ನಿಯಮವನ್ನೂ ಜೊತೆಗೆ ಸೇರಿಸಿಕೊಳ್ಳುತ್ತೇನೆ: ಬಾಗಿಲಿಗೆ ಬಂದ ಸಂಕಟವನ್ನು ವ್ರತದ ಹೆಸರಿನಿಂದ ಹಿಂದಕ್ಕೆ ಕಳುಹಿಸುವುದಿಲ್ಲ, ಉಪಚರಿಸಿದ ಜೀವಕ್ಕಾಗಿ ಒಂದು ಮಾತು ಬೇಡಲು ನಾಚುವುದಿಲ್ಲ. ಓದುವ ಶ್ರಾವಕ ಶ್ರಾವಿಕೆಯರೂ ತಮ್ಮ ಶಕ್ತ್ಯನುಸಾರ ಇಂಥದೊಂದು ನಿಯಮವನ್ನು ಪರ್ವದಿನಗಳಲ್ಲಿ ಸ್ವೀಕರಿಸಿದರೆ ಹಸಿದ ನಮ್ಮ ಹೊಟ್ಟೆ ಇನ್ನೊಂದು ಜೀವದ ಹಸಿವನ್ನು ಅರಿಯಲು ಕಲಿತೀತು. ಸಕಲ ಜೀವಿಗಳಿಗೂ ಅಭಯವುಂಟಾಗಲಿ.